ಸ್ವಾಪ್ ಫೇಲ್ ಆಯ್ತು, ದುಡ್ಡು ಎಲ್ಲಿ ಹೋಯ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ. ರೀಚಾರ್ಜ್, ಡಿಸ್‌ಪ್ಲೇ ರಿಪೇರಿ, ಫೋಟೋಸ್ಟಾಟ್ ಇಷ್ಟೇ ಕೆಲಸ. ಕೆಲವು ವರ್ಷಗಳಿಂದ ಇನ್ನೊಂದು ಸೇರಿಕೊಂಡಿದೆ. ಕ್ರಿಪ್ಟೋ ವಾಲೆಟ್ ತೆರೆದು ಫೋನನ್ನು ನನ್ನ ಮುಂದೆ ಹಿಡಿದು, "ಅಣ್ಣ, ಇದು ಫೇಲ್ ಅಂತ ತೋರಿಸ್ತಿದೆ, ಒಮ್ಮೆ ನೋಡಿ" ಅನ್ನುವವರು. ಮಲಯಾಳದಲ್ಲಿ, ತುಳುವಿನಲ್ಲಿ, ಕನ್ನಡದಲ್ಲಿ ಒಂದೇ ಮಾತನ್ನು ಹೇಳಿ ಹೇಳಿ ಬಾಯಿ ಬತ್ತಿದೆ. ಹಾಗಾಗಿ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಕ್ರಿಪ್ಟೋ ಕೊಳ್ಳಿ ಎಂದು ಹೇಳಲು ಬರೆದದ್ದಲ್ಲ ಇದು. ಈಗಾಗಲೇ ಕೊಂಡು ಸಿಕ್ಕಿಬಿದ್ದವರಿಗೆ. ಸ್ವಾಪ್ ಅಂದರೆ ಒಂದು ಟೋಕನ್ (ಕ್ರಿಪ್ಟೋ ನಾಣ್ಯ) ಕೊಟ್ಟು ಇನ್ನೊಂದನ್ನು ತೆಗೆದುಕೊಳ್ಳುವುದು.

ಸ್ವಾಪ್ ಫೇಲ್ ಅಂತ ಬಂತು. ನನ್ನ ಟೋಕನ್ ಹೋಯ್ತಾ?

ಹೆಚ್ಚಿನ ಸಲ ಇಲ್ಲ. ಒಂದೇ ಚೈನಿನ (ಇಥೀರಿಯಂ, ಟ್ರಾನ್ ಹಾಗಿನ ಒಂದೇ ನೆಟ್‌ವರ್ಕಿನ) ಒಳಗೆ ಮಾಡುವ ಸ್ವಾಪ್ ಆದರೆ ಪೂರ್ತಿ ಆಗುತ್ತದೆ, ಇಲ್ಲವಾದರೆ ಏನೂ ಆಗುವುದಿಲ್ಲ. ನಿಮ್ಮ ಟೋಕನ್ ಹೋಗಿ, ಆಚೆಯಿಂದ ಬರಬೇಕಾದದ್ದು ನಡುದಾರಿಯಲ್ಲಿ ಸಿಕ್ಕಿಕೊಳ್ಳುವ ಮಾತಿಲ್ಲ. ಹೋಗುವುದು ಫೀಸ್ ಮಾತ್ರ.

ಆದರೆ ವಾಲೆಟ್ ತೋರಿಸುವುದನ್ನು ಮಾತ್ರ ನಂಬಿ ಕೂರಬೇಡಿ. ಆ್ಯಕ್ಟಿವಿಟಿಯಲ್ಲಿ ಆ ವ್ಯವಹಾರವನ್ನು ಒತ್ತಿ, ಎಕ್ಸ್‌ಪ್ಲೋರರ್‌ನಲ್ಲಿ, ಅಂದರೆ ಆ ಚೈನಿನ ವ್ಯವಹಾರಗಳನ್ನೆಲ್ಲ ತೋರಿಸುವ ವೆಬ್‌ಸೈಟಿನಲ್ಲಿ, ತೆರೆಯಿರಿ. ಇಥೀರಿಯಂಗೆ ಈಥರ್‌ಸ್ಕ್ಯಾನ್, ಬಿಎನ್‌ಬಿ ಚೈನಿಗೆ ಬಿಎಸ್‌ಸಿಸ್ಕ್ಯಾನ್, ಸೊಲಾನಾಕ್ಕೆ ಸೋಲ್‌ಸ್ಕ್ಯಾನ್, ಟ್ರಾನ್‌ಗೆ ಟ್ರಾನ್‌ಸ್ಕ್ಯಾನ್. ಅಲ್ಲಿ ನಾಲ್ಕರಲ್ಲಿ ಒಂದು ಕಾಣುತ್ತದೆ: ಸಕ್ಸೆಸ್, ಫೇಲ್ಡ್, ಪೆಂಡಿಂಗ್, ಅಥವಾ ಅಂಥ ವ್ಯವಹಾರವೇ ಇಲ್ಲ. ನಾಲ್ಕಕ್ಕೂ ಮದ್ದು ಬೇರೆ ಬೇರೆ. ಯಾವುದು ಎಂದು ಗೊತ್ತಾಗುವ ತನಕ ಸ್ವಾಪ್ ಬಟನ್ ಇನ್ನೊಮ್ಮೆ ಒತ್ತಬೇಡಿ. ನಮ್ಮ ಅಂಗಡಿಗೆ ಬರುವ ದೊಡ್ಡ ನಷ್ಟಗಳು ಮೊದಲನೇ ಒತ್ತಿನಿಂದ ಆದದ್ದಲ್ಲ, ಎರಡನೆಯದರಿಂದ ಆದದ್ದು.

ಫೇಲ್ ಆದರೂ ಗ್ಯಾಸ್ ಫೀಸ್ ಯಾಕೆ ಹಿಡಿದುಕೊಂಡರು? ವಾಪಸ್ ಬರುತ್ತಾ?

ಬರುವುದಿಲ್ಲ. ಬೈಕಿಗೆ ಪೆಟ್ರೋಲ್ ಹಾಕಿ ಮಂಗಳೂರಿಗೆ ಹೋಗುತ್ತೀರಿ. ಅಲ್ಲಿ ಆಫೀಸಿಗೆ ಬೀಗ. ಕೆಲಸ ಆಗಲಿಲ್ಲ ಎಂದು ಬಂಕಿನವನು ಪೆಟ್ರೋಲಿನ ದುಡ್ಡು ವಾಪಸ್ ಕೊಡುತ್ತಾನಾ? ಗ್ಯಾಸ್ ಎಂದು ಹೆಸರಿಟ್ಟದ್ದೂ ಅದಕ್ಕೇ. ನಿಮ್ಮ ಸ್ವಾಪ್ ನಡೆಸಿ ನೋಡಲು ನೆಟ್‌ವರ್ಕಿನ ಕಂಪ್ಯೂಟರ್‌ಗಳು ಕೆಲಸ ಮಾಡಿವೆ. ಕೊನೆಗೆ ಷರತ್ತು ಕೂಡಿಬರಲಿಲ್ಲ ಎಂದು ಎಲ್ಲವನ್ನೂ ಮೊದಲಿನ ಹಾಗೆ ಇಟ್ಟಿವೆ. ಮಾಡಿದ ಕೆಲಸಕ್ಕೆ ಕೂಲಿ ತೆಗೆದುಕೊಂಡಿವೆ.

ಲೆಕ್ಕ ಹೀಗೆ. ಇಥೀರಿಯಂನಲ್ಲಿ ಬರೇ ಈಥರ್ (ಆ ಚೈನಿನ ಸ್ವಂತ ನಾಣ್ಯ) ಕಳಿಸಲು 21,000 ಗ್ಯಾಸ್ ಸಾಕು. ಸ್ವಾಪ್ ಅಂದರೆ ಒಂದೂವರೆ, ಎರಡು ಲಕ್ಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಒಂದು ಗ್ಯಾಸ್‌ನ ಬೆಲೆಯನ್ನು ಗ್ವೇ ಎಂಬ ಚಿಲ್ಲರೆಯಲ್ಲಿ ಹೇಳುತ್ತಾರೆ. ನೂರು ಕೋಟಿ ಗ್ವೇ ಸೇರಿದರೆ ಒಂದು ಈಥರ್. 1,50,000 ಗ್ಯಾಸ್, ದರ 20 ಗ್ವೇ ಅಂದುಕೊಳ್ಳಿ. ಫೀಸ್ 0.003 ಈಥರ್.

ಈ ದುಡ್ಡು ವಾಲೆಟ್ ಕಂಪನಿಗೆ ಹೋಗುವುದಲ್ಲ. 2021ರ ಆಗಸ್ಟಿನಿಂದ ಇಥೀರಿಯಂನಲ್ಲಿ ಫೀಸಿನ ಮೂಲ ಭಾಗವನ್ನು ಸುಟ್ಟೇಬಿಡುತ್ತಾರೆ, ಯಾರ ಕೈಗೂ ಸೇರುವುದಿಲ್ಲ. ಮೇಲಿನ ಟಿಪ್ ಮಾತ್ರ ವ್ಯವಹಾರಗಳನ್ನು ಸೇರಿಸಿ ಬ್ಲಾಕ್ ಎಂಬ ಕಟ್ಟು ಮಾಡುವವರಿಗೆ. ಹಾಗಾಗಿ "ಗ್ಯಾಸ್ ರಿಫಂಡ್ ಮಾಡಿಸಿ ಕೊಡ್ತೇನೆ" ಅನ್ನುವವನು ಕಳ್ಳ. ಬೇರೆ ವಿಚಾರಣೆಯೇ ಬೇಡ.

ಎಕ್ಸ್‌ಪ್ಲೋರರ್‌ನಲ್ಲಿ "ಔಟ್ ಆಫ್ ಗ್ಯಾಸ್" ಎಂದಿದ್ದರೆ ಅದು ಬೇರೆ ಕಥೆ. ಹೆಚ್ಚಾಗಿ ಫೀಸ್ ಉಳಿಸಲು ಗ್ಯಾಸ್ ಲಿಮಿಟನ್ನು, ಅಂದರೆ ಎಷ್ಟು ಗ್ಯಾಸ್ ತನಕ ಸುಡಬಹುದು ಎಂಬ ಮಿತಿಯನ್ನು, ನೀವೇ ಕೈಯಾರೆ ಇಳಿಸಿರುತ್ತೀರಿ. ಪೆಟ್ರೋಲ್ ಉಪ್ಪಳದಲ್ಲೇ ಮುಗಿಯಿತು. ಇಳಿಸುವುದಿದ್ದರೆ ದರವನ್ನು ಇಳಿಸಿ, ಲಿಮಿಟನ್ನು ಮುಟ್ಟಬೇಡಿ. ಖರ್ಚಾಗದೆ ಉಳಿದ ಗ್ಯಾಸ್ ಹೇಗೂ ನಿಮಗೇ ವಾಪಸ್.

ಸ್ಲಿಪೇಜ್ ಅಂದರೆ ಏನು? ಎಷ್ಟು ಇಡಬೇಕು?

ಅಡಿಕೆ ಮಾರಿ ಗೊತ್ತಿರುವವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಬೆಳಿಗ್ಗೆ ಮಂಗಳೂರು ಬಂದರಿಗೆ ಫೋನ್ ಮಾಡುತ್ತೀರಿ. ಕಿಲೋಗೆ 450 ಎಂದು ಹೇಳಿದರು ಅಂದುಕೊಳ್ಳಿ. ಚೀಲ ಕಟ್ಟಿ, ಜೀಪಿಗೆ ಏರಿಸಿ, ಕುಂಬಳೆ ದಾಟಿ, ತಲಪಾಡಿ ದಾಟಿ ಅಲ್ಲಿಗೆ ಮುಟ್ಟುವಾಗ ರೇಟು ಅದೇ ಇರಬೇಕೆಂದಿಲ್ಲ. ಅದಕ್ಕೆ ಡ್ರೈವರ್‌ಗೆ ಮೊದಲೇ ಹೇಳಿ ಕಳಿಸುತ್ತೀರಿ: "445ಕ್ಕಿಂತ ಕಮ್ಮಿ ಹೇಳಿದರೆ ಕೊಡಬೇಡ, ವಾಪಸ್ ತಾ." ಆ ಐದು ರೂಪಾಯಿ, ಅಂದರೆ ಸುಮಾರು ಶೇಕಡಾ 1, ಅದೇ ಸ್ಲಿಪೇಜ್. ರೇಟು 440ಕ್ಕೆ ಇಳಿದರೆ ಅಡಿಕೆ ಹೋದ ಹಾಗೆಯೇ ಮನೆಗೆ ಬರುತ್ತದೆ. ಜೀಪಿನ ಬಾಡಿಗೆ ಮಾತ್ರ ದಂಡ.

ಎಕ್ಸ್‌ಪ್ಲೋರರ್‌ನಲ್ಲಿ ಇದು "ಇನ್‌ಸಫಿಶಿಯಂಟ್ ಔಟ್‌ಪುಟ್ ಅಮೌಂಟ್" ಅಥವಾ "ಟೂ ಲಿಟಲ್ ರಿಸೀವ್ಡ್" ಎಂದು ಕಾಣುತ್ತದೆ. ಸ್ವಾಪ್ ಫೇಲ್ ಆಗಲು ನಾನು ಕಂಡ ಹಾಗೆ ಇದೇ ದೊಡ್ಡ ಕಾರಣ. ಪರಿಹಾರ ಸುಲಭ. ಆ್ಯಪ್ ಮೊದಲು ತೋರಿಸಿದ ಹಳೇ ರೇಟು ಬಿಡಿ, ಹೊಸದಾಗಿ ತೆಗೆಯಿರಿ. ಸ್ಲಿಪೇಜ್ 0.5 ಇದ್ದರೆ 1 ಮಾಡಿ ನೋಡಿ. ಯುಎಸ್‌ಡಿಟಿಯಿಂದ ಯುಎಸ್‌ಡಿಸಿಗೆ ಆದರೆ 0.1 ಕೂಡ ಸಾಕಾಗುತ್ತದೆ, ಎರಡೂ ಡಾಲರ್ ಬೆಲೆಯವೇ ತಾನೇ.

ಫೇಲ್ ಆಯ್ತಲ್ಲ ಎಂದು ಸಿಟ್ಟಿನಲ್ಲಿ 20, 30 ಇಡುವವರಿದ್ದಾರೆ. ಆಗ ಸ್ವಾಪ್ ಖಂಡಿತ ಆಗುತ್ತದೆ. ಆಗದಿದ್ದರೇ ಚೆನ್ನಾಗಿತ್ತು ಅನ್ನಿಸುವ ಹಾಗೆ ಆಗುತ್ತದೆ. ನೀವು ಕಳಿಸಿದ ವ್ಯವಹಾರ ಬ್ಲಾಕಿಗೆ ಸೇರುವ ಮೊದಲು ಸ್ವಲ್ಪ ಹೊತ್ತು ಸಾಲಿನಲ್ಲಿ ಕಾಯುತ್ತದೆ. ಅದನ್ನು ಯಾರು ಬೇಕಾದರೂ ನೋಡಬಹುದು. ಡ್ರೈವರ್‌ಗೆ ನೀವು ಹೇಳಿದ ಕೊನೇ ರೇಟು ಪಕ್ಕದಲ್ಲಿ ನಿಂತ ದಲ್ಲಾಳಿಯ ಕಿವಿಗೆ ಬಿದ್ದ ಹಾಗೆ. ಅಲ್ಲಿ ಕಾದು ಕೂತ ಬಾಟ್‌ಗಳು (ತಾವಾಗಿಯೇ ವ್ಯಾಪಾರ ಮಾಡುವ ಪ್ರೋಗ್ರಾಮ್‌ಗಳು) ನಿಮಗಿಂತ ಒಂದು ಹೆಜ್ಜೆ ಮುಂದೆ ಅದೇ ಟೋಕನ್ ಕೊಂಡು ಬೆಲೆ ಏರಿಸುತ್ತವೆ. ನಿಮ್ಮ ಮಿತಿಯ ತುದಿಯ ತನಕ ಏರಿದ ಬೆಲೆಗೆ ನೀವು ಕೊಳ್ಳುತ್ತೀರಿ. ಮರುಕ್ಷಣ ಅವು ಮಾರಿ ಲಾಭ ತೆಗೆದುಕೊಂಡು ಹೋಗುತ್ತವೆ. ಇದಕ್ಕೆ ಸ್ಯಾಂಡ್‌ವಿಚ್ ಎಂದು ಹೆಸರು. ಎರಡು ಬ್ರೆಡ್ಡಿನ ನಡುವೆ ಇರುವುದು ನೀವು.

ಇನ್ನು ಕೆಲವು ಟೋಕನ್‌ಗಳು ಪ್ರತಿ ಸಲ ಕೈ ಬದಲಾಗುವಾಗ ತಾವೇ ಶೇಕಡಾ 5 ಅಥವಾ 10 ಕಿತ್ತುಕೊಳ್ಳುತ್ತವೆ. ಅವುಗಳಲ್ಲಿ ಸ್ಲಿಪೇಜ್ ಅದಕ್ಕಿಂತ ಜಾಸ್ತಿ ಇಡದೆ ಸ್ವಾಪ್ ನಡೆಯುವುದೇ ಇಲ್ಲ. "ನಮ್ಮ ಟೋಕನ್‌ಗೆ 25 ಇಡಿ" ಎಂದು ಅವರೇ ಹೇಳುತ್ತಿದ್ದರೆ, ಅಂಥ ಟೋಕನ್ ನಿಮಗೆ ಯಾಕೆ ಎಂದು ಒಮ್ಮೆ ಕೇಳಿಕೊಳ್ಳಿ.

ಸ್ಲಿಪೇಜ್ ಕಮ್ಮಿಯೇ ಇದೆ. ಆದರೂ ಸಿಗುವುದು ಬಹಳ ಕಮ್ಮಿ ಎಂದು ತೋರಿಸುತ್ತಿದೆ. ಯಾಕೆ?

ಅದು ಪ್ರೈಸ್ ಇಂಪ್ಯಾಕ್ಟ್. ರೇಟು ತಾನಾಗಿ ಬದಲಾದದ್ದಲ್ಲ, ನಿಮ್ಮ ವ್ಯಾಪಾರದ ಭಾರಕ್ಕೇ ಬದಲಾದದ್ದು.

ಒಂದು ಪೂಲ್‌ನಲ್ಲಿ, ಅಂದರೆ ಸ್ವಾಪ್‌ಗೆಂದು ಎರಡು ಟೋಕನ್ ಕೂಡಿಟ್ಟ ರಾಶಿಯಲ್ಲಿ, 10 ಈಥರ್ ಮತ್ತು 1,000 ಟೋಕನ್ ಇದೆ ಎಂದು ಇಟ್ಟುಕೊಳ್ಳಿ. ಬೋರ್ಡಿನ ರೇಟು ಒಂದು ಈಥರ್‌ಗೆ 100 ಟೋಕನ್. ಸಾಮಾನ್ಯ ಪೂಲ್‌ಗಳು ಎರಡರ ಗುಣಲಬ್ಧ ಬದಲಾಗದ ಹಾಗೆ ನೋಡಿಕೊಳ್ಳುತ್ತವೆ. ಇಲ್ಲಿ ಅದು 10,000. ನೀವು 1 ಈಥರ್ ಹಾಕಿದರೆ ಪೂಲ್‌ನಲ್ಲಿ ಈಥರ್ 11 ಆಯಿತು, ಟೋಕನ್ 909 ಉಳಿಯಬೇಕು. ನಿಮಗೆ ಸಿಗುವುದು ಸುಮಾರು 91. ಒಂದೇ ಸಲ 5 ಈಥರ್ ಹಾಕಿದರೆ 500ರ ಬದಲು 333 ಸಿಗುತ್ತದೆ. ಪೂಲ್‌ನ ಫೀಸ್ ಬೇರೆ. ಸ್ಲಿಪೇಜ್ ಎಷ್ಟು ಇಳಿಸಿದರೂ ಇದು ಸರಿಯಾಗುವುದಿಲ್ಲ. ದೊಡ್ಡ ಪೂಲ್ ಇರುವ ಕಡೆ ಹೋಗಬೇಕು, ಇಲ್ಲವಾದರೆ ಕಮ್ಮಿ ಮಾರಬೇಕು. ಊರಿನ ಒಂದೇ ಜೀನಸು ಅಂಗಡಿಯಲ್ಲಿ ಹತ್ತು ಕ್ವಿಂಟಾಲ್ ಸಕ್ಕರೆ ಕೇಳಿದರೆ ರೇಟು ಏರದೆ ಇರುತ್ತದಾ?

ವಾಲೆಟ್‌ನಲ್ಲಿ 500 ಯುಎಸ್‌ಡಿಟಿ ಇದೆ. ಆದರೂ "ಗ್ಯಾಸ್‌ಗೆ ಬ್ಯಾಲೆನ್ಸ್ ಸಾಲದು" ಅಂತಿದೆ.

ಕೈಯಲ್ಲಿ ಚಿನ್ನದ ಉಂಗುರ ಇದ್ದರೂ ಬಸ್ಸಿನ ಕಂಡಕ್ಟರ್‌ಗೆ ಚಿಲ್ಲರೆಯೇ ಬೇಕು. ಪ್ರತಿ ಚೈನಿಗೂ ಅದರದೇ ಕಾಯಿನ್‌ನಲ್ಲಿ ಫೀಸ್ ಕೊಡಬೇಕು. ಇಥೀರಿಯಂನಲ್ಲಿ ಈಥರ್, ಬಿಎನ್‌ಬಿ ಚೈನಿನಲ್ಲಿ ಬಿಎನ್‌ಬಿ, ಟ್ರಾನ್‌ನಲ್ಲಿ ಟಿಆರ್‌ಎಕ್ಸ್, ಸೊಲಾನಾದಲ್ಲಿ ಸೋಲ್. ಆರ್ಬಿಟ್ರಮ್, ಬೇಸ್ ಇವುಗಳಲ್ಲೂ ಈಥರೇ. ಆದರೆ ಆ ಚೈನಿನ ಒಳಗೆ ಇರುವ ಈಥರ್ ಬೇಕು, ಇಥೀರಿಯಂನಲ್ಲಿ ಇಟ್ಟದ್ದು ಅಲ್ಲಿ ನಡೆಯುವುದಿಲ್ಲ. ಪಾಲಿಗಾನ್‌ನಲ್ಲಿ ಮೊದಲು ಮ್ಯಾಟಿಕ್ ಇತ್ತು, 2024ರ ಸೆಪ್ಟೆಂಬರ್‌ನಿಂದ ಅದು ಪಿಒಎಲ್ ಆಗಿದೆ. ಹೊಸ ಹೆಸರು ನೋಡಿ ಗಾಬರಿಯಾಗಿ ಬಂದವರು ನಮ್ಮಲ್ಲೂ ಇದ್ದರು.

ಗಲ್ಫಿನಿಂದ ತಮ್ಮನೋ ಭಾವನೋ ಟ್ರಾನ್ ಮೂಲಕ ಯುಎಸ್‌ಡಿಟಿ ಕಳಿಸಿ, ಇಲ್ಲಿ ಟಿಆರ್‌ಎಕ್ಸ್ ಒಂದೂ ಇಲ್ಲದೆ ಕೂತವರು ಬಹಳ. ಟ್ರಾನ್‌ನಲ್ಲಿ ಯುಎಸ್‌ಡಿಟಿ ಅಲುಗಾಡಿಸಲು ಎನರ್ಜಿ ಬೇಕು, ಅಲ್ಲಿನ ಗ್ಯಾಸ್ ಇದ್ದ ಹಾಗೆ. ಅದು ಇಲ್ಲದಿದ್ದರೆ ಟಿಆರ್‌ಎಕ್ಸ್ ಸುಡಬೇಕು. ಮೊದಲು ಸ್ವಲ್ಪ ಟಿಆರ್‌ಎಕ್ಸ್ ತರಿಸಿಕೊಳ್ಳಿ.

ಇದರದೇ ಇನ್ನೊಂದು ರೂಪ: ಈಥರ್ ಮಾರುವಾಗ "ಮ್ಯಾಕ್ಸ್" ಒತ್ತುವುದು. ಇದ್ದದ್ದೆಲ್ಲ ಮಾರಿದರೆ ಫೀಸ್‌ಗೆ ಏನು ಉಳಿಯಿತು?

ಒಂದು ಸಲ ಅಪ್ರೂವ್ ಮಾಡಿದೆ, ಫೀಸ್ ಹೋಯ್ತು, ಸ್ವಾಪ್ ಆಗಲೇ ಇಲ್ಲ.

ಇವು ಎರಡು ಬೇರೆ ಬೇರೆ ವ್ಯವಹಾರ. ಈಥರ್ ಬಿಟ್ಟು ಬೇರೆ ಟೋಕನ್ ಮಾರುವಾಗ ಮೊದಲು "ನನ್ನ ವಾಲೆಟ್‌ನಿಂದ ಇಷ್ಟು ತೆಗೆದುಕೋ" ಎಂದು ಅನುಮತಿ ಕೊಡಬೇಕು. ಅದು ಅಪ್ರೂವ್. ಆಮೇಲೆ ನಿಜವಾದ ಸ್ವಾಪ್. ಮೊದಲನೆಯದು ಆಗಿ, ಎರಡನೆಯದನ್ನು ಒತ್ತದೆ ಆ್ಯಪ್ ಮುಚ್ಚಿದವರೇ ಜಾಸ್ತಿ. ಅನುಮತಿಯ ಮೊತ್ತ 100 ಇದ್ದು, ಸ್ವಾಪ್ 150ಕ್ಕೆ ಮಾಡಿದರೆ "ಟ್ರಾನ್ಸ್‌ಫರ್ ಫ್ರಮ್ ಫೇಲ್ಡ್" ಎಂದು ಬರುತ್ತದೆ. ಇಥೀರಿಯಂನ ಯುಎಸ್‌ಡಿಟಿಗೆ ಒಂದು ವಿಚಿತ್ರ ಚಾಳಿ ಇದೆ. ಹಳೇ ಅನುಮತಿಯಲ್ಲಿ ಏನಾದರೂ ಉಳಿದಿದ್ದರೆ ಅದನ್ನು ಮೊದಲು ಸೊನ್ನೆ ಮಾಡಬೇಕು, ಆಮೇಲೆಯೇ ಹೊಸ ಮೊತ್ತ ಹಾಕಲು ಬಿಡುತ್ತದೆ.

ಮಿತಿಯೇ ಇಲ್ಲದ ಅನುಮತಿ ಕೇಳಿದರೆ ಬೇಕಾದಷ್ಟೇ ಮೊತ್ತ ಬರೆಯಿರಿ. ಹಳೇ ಅನುಮತಿಗಳನ್ನು ಎಕ್ಸ್‌ಪ್ಲೋರರ್‌ನ ಟೋಕನ್ ಅಪ್ರೂವಲ್ ಪುಟದಲ್ಲಿ ನೋಡಿ ರದ್ದು ಮಾಡಬಹುದು. ಅದಕ್ಕೂ ಸ್ವಲ್ಪ ಫೀಸ್ ಇದೆ.

ಎರಡು ಗಂಟೆಯಿಂದ ಪೆಂಡಿಂಗ್ ಅಂತಲೇ ಇದೆ. ಇನ್ನೊಮ್ಮೆ ಮಾಡಲಾ?

ಬೇಡ. ಮಾರಾಯರೇ, ಬೇಡ.

ನನ್ನದೇ ಕಥೆ ಹೇಳುತ್ತೇನೆ. ಒಂದು ಮಳೆಗಾಲದ ಸಂಜೆ. ಕರೆಂಟ್ ಹೋಗಿ, ಟವರ್ ಒಮ್ಮೆ ಬಂದು ಒಮ್ಮೆ ಹೋಗುತ್ತಿತ್ತು. ಸ್ವಾಪ್ ಒತ್ತಿದೆ, ಚಕ್ರ ತಿರುಗುತ್ತಲೇ ಇತ್ತು. ಹೋಗಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತಿದೆ. ಮತ್ತೂ ಒಮ್ಮೆ. ಹತ್ತು ನಿಮಿಷ ಕಳೆದು ಮೂರೂ ಒಂದರ ಹಿಂದೆ ಒಂದು ಓಡಿದವು. ಒಂದು ಪಾಲು ಕೊಳ್ಳಬೇಕಾದಲ್ಲಿ ಮೂರು ಪಾಲು ಕೊಂಡಿದ್ದೆ. ಆ ಟೋಕನ್ ಮರುದಿನ ಬಿತ್ತು. ಹೆಂಡತಿಗೆ ಈಗಲೂ ಒಂದರ ಲೆಕ್ಕ ಮಾತ್ರ ಗೊತ್ತು.

ಒಮ್ಮೆ ಸಹಿ ಹಾಕಿ ಹೊರಗೆ ಹೋದ ವ್ಯವಹಾರ ನಿಮ್ಮ ಫೋನ್ ಆಫ್ ಮಾಡಿದರೂ ನಿಲ್ಲುವುದಿಲ್ಲ. ಇಥೀರಿಯಂನಲ್ಲಿ 12 ಸೆಕೆಂಡಿಗೊಂದು ಬ್ಲಾಕ್ ಬರುತ್ತದೆ. ನೀವು ಹಾಕಿದ ಫೀಸ್ ಆಗಿನ ದರಕ್ಕಿಂತ ಕಮ್ಮಿ ಇದ್ದರೆ ಪ್ರತಿ ಬ್ಲಾಕೂ ನಿಮ್ಮನ್ನು ಬಿಟ್ಟು ಹೋಗುತ್ತದೆ.

ಇನ್ನೊಂದು ವಿಷಯ. ನಿಮ್ಮ ಪ್ರತಿ ವ್ಯವಹಾರಕ್ಕೂ ಒಂದು ಕ್ರಮಸಂಖ್ಯೆ ಇದೆ, ನಾನ್ಸ್ ಎನ್ನುತ್ತಾರೆ. ಅಕ್ಷಯ ಕೇಂದ್ರದಲ್ಲಿ (ನಮ್ಮ ಕೇರಳದ ಸರಕಾರಿ ಸೇವಾ ಕೇಂದ್ರ) ಕೊಡುವ ಸರದಿ ಚೀಟಿ ಇದ್ದ ಹಾಗೆ. 14 ಆಗದೆ 15ನ್ನು ಕರೆಯುವುದಿಲ್ಲ. 14 ಸಿಕ್ಕಿಬಿದ್ದರೆ ಅದರ ಹಿಂದೆ ಇರುವ 15, 16, 17 ಎಲ್ಲವೂ ಸಾಲಿನಲ್ಲಿ ನಿಂತಿರುತ್ತವೆ. ಅದಕ್ಕೇ ಕೊನೆಯದನ್ನು ತಿದ್ದಿ ಪ್ರಯೋಜನವಿಲ್ಲ, ಎಲ್ಲಕ್ಕಿಂತ ಮೊದಲು ಸಿಕ್ಕಿಬಿದ್ದದ್ದನ್ನು ಬಿಡಿಸಬೇಕು.

ಎರಡು ದಾರಿ. "ಸ್ಪೀಡ್ ಅಪ್" ಒತ್ತಿದರೆ ಅದೇ ವ್ಯವಹಾರ ಜಾಸ್ತಿ ಫೀಸ್‌ನಲ್ಲಿ ಹೋಗುತ್ತದೆ. "ಕ್ಯಾನ್ಸಲ್" ಒತ್ತಿದರೆ ಅದೇ ಕ್ರಮಸಂಖ್ಯೆಯಲ್ಲಿ ನಿಮ್ಮದೇ ವಿಳಾಸಕ್ಕೆ ಸೊನ್ನೆ ಈಥರ್ ಹೋಗಿ ಹಳೆಯದರ ಜಾಗ ಹಿಡಿಯುತ್ತದೆ. ಎರಡರಲ್ಲೂ ಹೊಸ ಫೀಸ್ ಹಳೆಯದಕ್ಕಿಂತ ಕನಿಷ್ಠ ಶೇಕಡಾ 10 ಜಾಸ್ತಿ ಇರಬೇಕು, ಇಲ್ಲವಾದರೆ ನೆಟ್‌ವರ್ಕ್ ಒಪ್ಪುವುದಿಲ್ಲ. ಬೆಲೆ ಆಗಲೇ ಬದಲಾಗಿದ್ದರೆ ಸ್ಪೀಡ್ ಅಪ್ ಮಾಡಬೇಡಿ. ಹೋಗಿ ಫೇಲ್ ಆಗಲು ಜಾಸ್ತಿ ಫೀಸ್ ಕೊಟ್ಟ ಹಾಗಾಗುತ್ತದೆ. ಕ್ಯಾನ್ಸಲ್ ಮಾಡುವುದೇ ಒಳ್ಳೆಯದು. ಬಹಳಷ್ಟು ಸ್ವಾಪ್‌ಗಳಿಗೆ 20 ಅಥವಾ 30 ನಿಮಿಷದ ಗಡುವೂ ಇರುತ್ತದೆ. ಅದು ದಾಟಿ ಬ್ಲಾಕಿಗೆ ಹೋದರೆ "ಎಕ್ಸ್‌ಪೈರ್ಡ್" ಎಂದು ಬೀಳುತ್ತದೆ.

ಎಕ್ಸ್‌ಪ್ಲೋರರ್‌ನಲ್ಲಿ ಹುಡುಕಿದರೆ ಏನೂ ಇಲ್ಲ.

ಮೊದಲು ಸರಿಯಾದ ಚೈನಿನ ಎಕ್ಸ್‌ಪ್ಲೋರರ್ ತೆರೆದಿದ್ದೀರಾ ನೋಡಿ. ಅದು ಸರಿಯಿದ್ದರೆ ಹೆಚ್ಚಾಗಿ ನಿಮ್ಮ ಫೋನಿನಿಂದ ಹೊರಗೇ ಹೋಗಿಲ್ಲ. ವಾಲೆಟ್ ಮಾತಾಡುವ ಸರ್ವರ್ ನಿಧಾನ ಇರಬಹುದು, ನಿಮ್ಮ ನೆಟ್ ಕಡಿದಿರಬಹುದು. ಮಂಜೇಶ್ವರದ ಆಚೆ ಬಸ್ಸಿನಲ್ಲಿ ಕೂತು, ಫೋನ್ ಕೇರಳದ ಟವರ್ ಬಿಟ್ಟು ಕರ್ನಾಟಕದ್ದು ಹಿಡಿಯುವ ಹೊತ್ತಿಗೆ ಸ್ವಾಪ್ ಒತ್ತಿದವರೊಬ್ಬರು ಇದ್ದರು. ಮನೆಗೆ ಬಂದು ಮಾಡಿ ಎಂದೆ, ಆಯಿತು.

ವಾಲೆಟ್ ಪೆಂಡಿಂಗ್ ಎಂದು ತೋರಿಸುತ್ತಲೇ ಇದ್ದರೆ ಸೆಟ್ಟಿಂಗ್‌ನಲ್ಲಿ ಆ್ಯಕ್ಟಿವಿಟಿ ಅಳಿಸುವ ಆಯ್ಕೆ ಇದೆ. ಅದು ಫೋನಿನ ಪಟ್ಟಿಯನ್ನು ಮಾತ್ರ ಅಳಿಸುತ್ತದೆ, ದುಡ್ಡಿಗೆ ಏನೂ ಆಗುವುದಿಲ್ಲ. ಆ್ಯಪನ್ನೇ ತೆಗೆದು ಮತ್ತೆ ಹಾಕಲು ಹೋಗಬೇಡಿ. ಹಾಗೆ ಮಾಡುವುದಿದ್ದರೆ ಹನ್ನೆರಡು ಪದ (ವಾಲೆಟ್ ಮಾಡುವಾಗ ಕೊಟ್ಟ ಗುಟ್ಟಿನ ಪದಗಳು) ಕಾಗದದಲ್ಲಿ ಬರೆದಿಟ್ಟದ್ದು ಕಣ್ಣೆದುರು ಇದ್ದರೆ ಮಾತ್ರ.

ಸೊಲಾನಾದಲ್ಲೂ ಹೀಗೆಯೇನಾ?

ಅಲ್ಲಿ ಸ್ವಲ್ಪ ಹಗುರ. ಪ್ರತಿ ವ್ಯವಹಾರಕ್ಕೂ ಒಂದು ತಾಜಾ ಬ್ಲಾಕ್‌ಹ್ಯಾಶ್, ಅಂದರೆ ಆಗಷ್ಟೇ ಬಂದ ಬ್ಲಾಕಿನ ಗುರುತು, ಅಂಟಿಸಿರುತ್ತಾರೆ. 150 ಬ್ಲಾಕ್, ಅಂದರೆ ಒಂದು ಒಂದೂವರೆ ನಿಮಿಷ ದಾಟಿದರೆ ಅದು ಹಳಸುತ್ತದೆ. ಆಮೇಲೆ ಅದು ಎಂದಿಗೂ ನಡೆಯುವುದಿಲ್ಲ, ಧೈರ್ಯವಾಗಿ ಹೊಸದು ಮಾಡಬಹುದು. ಫೇಲ್ ಆದರೂ ಮೂಲ ಫೀಸ್ 0.000005 ಸೋಲ್, ಅವಸರದ ಫೀಸ್ ಸೇರಿಸಿದ್ದರೆ ಅದೂ ಹೋಗುತ್ತದೆ. ಹೊಸ ಟೋಕನ್ ಮೊದಲ ಸಲ ಕೊಳ್ಳುವಾಗ ಅದರ ಖಾತೆ ತೆರೆಯಲು ಸುಮಾರು 0.002 ಸೋಲ್ ಬೇಕು. ಅದು ಇಲ್ಲದೆ ಸ್ವಾಪ್ ಬೀಳುವುದು ಇಲ್ಲಿ ಸಾಮಾನ್ಯ.

ಸಕ್ಸೆಸ್ ಅಂತಿದೆ, ಆದರೆ ಟೋಕನ್ ಕಾಣುತ್ತಿಲ್ಲ.

ಬಂದಿದೆ, ವಾಲೆಟ್ ತೋರಿಸುತ್ತಿಲ್ಲ ಅಷ್ಟೇ. ಎಕ್ಸ್‌ಪ್ಲೋರರ್‌ನಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ. ಅಲ್ಲಿ ಇದ್ದರೆ, ಆ ಟೋಕನ್‌ನ ಕಾಂಟ್ರಾಕ್ಟ್ ವಿಳಾಸವನ್ನು (ಚೈನಿನಲ್ಲಿ ಆ ಟೋಕನ್‌ನ ಗುರುತು) ವಾಲೆಟ್‌ಗೆ ಸೇರಿಸಿ. ವಿಳಾಸವನ್ನು ನೀವು ಮಾಡಿದ ವ್ಯವಹಾರದಿಂದಲೇ ತೆಗೆದುಕೊಳ್ಳಿ. ಹೆಸರು ಹುಡುಕಿ ತೆಗೆಯಬೇಡಿ, ಒಂದೇ ಹೆಸರಿನ ನಕಲಿ ಟೋಕನ್‌ಗಳು ಬೇಕಾದಷ್ಟಿವೆ. ಒಂದು ಚೈನಿನಿಂದ ಇನ್ನೊಂದಕ್ಕೆ ಬ್ರಿಜ್ ಮಾಡಿದ್ದಾದರೆ ಮಾತ್ರ ಲೆಕ್ಕ ಬೇರೆ. ಈ ಕಡೆ ಸಕ್ಸೆಸ್ ಆಗಿ ಆ ಕಡೆ ಮುಟ್ಟಲು ಹೊತ್ತಾಗುತ್ತದೆ. ಆ ಬ್ರಿಜ್‌ನ ಸ್ಟೇಟಸ್ ಪುಟವನ್ನೇ ನೋಡಬೇಕು.

ಕೊಂಡದ್ದು ಸಲೀಸಾಗಿ ಆಯಿತು. ಮಾರಲು ಹೋದರೆ ಪ್ರತಿ ಸಲ ಫೇಲ್.

ಕೇಳಲು ಕಷ್ಟ, ಆದರೂ ಹೇಳುತ್ತೇನೆ. ಅದು ಹನಿಪಾಟ್ ಇರಬಹುದು. ಎಲ್ಲರೂ ಕೊಳ್ಳಬಹುದು, ಮಾಡಿದವನು ಮಾತ್ರ ಮಾರಬಹುದು ಎಂದು ಟೋಕನ್‌ನ ಒಳಗೇ ಬರೆದಿರುತ್ತಾರೆ. ಮೀನಿನ ಕೂಳಿಯ ಹಾಗೆ, ಒಳಗೆ ಹೋಗಲು ದಾರಿ ಇದೆ, ಹೊರಗೆ ಬರಲು ಇಲ್ಲ. ಸ್ಲಿಪೇಜ್ ಏರಿಸಿ ಏರಿಸಿ ಇನ್ನಷ್ಟು ಗ್ಯಾಸ್ ಸುಡಬೇಡಿ. ಕೇಳದೆ ಬಂದು ಕೂತ ಟೋಕನ್, ಅದರ ಹೆಸರಿನಲ್ಲೇ ಒಂದು ವೆಬ್‌ಸೈಟ್ ವಿಳಾಸ ಇದ್ದರೆ ಮುಟ್ಟಲೇಬೇಡಿ. ನಿಮ್ಮ ಅನುಮತಿ ಕದಿಯಲು ಹಾಕಿದ ಗಾಳ ಅದು.

ಟೆಲಿಗ್ರಾಮ್‌ನಲ್ಲಿ ಸಪೋರ್ಟ್‌ನವರು ಹನ್ನೆರಡು ಪದ ಕೇಳಿದರು. ಕೊಡಬಹುದಾ?

ಕೊಡಬಾರದು. ಅವರು ಮಲಯಾಳದಲ್ಲಿ "ಚೇಟ್ಟಾ" ಎನ್ನಲಿ, ತುಳುವಿನಲ್ಲಿ "ಅಣ್ಣೆರೆ" ಎನ್ನಲಿ. ಆ ಪದಗಳು 2,048 ಪದಗಳ ಪಟ್ಟಿಯಿಂದ ಬಂದವು, ಅವೇ ನಿಮ್ಮ ದುಡ್ಡು. ಫೇಲ್ ಆದ ಸ್ವಾಪ್ ಸರಿ ಮಾಡಲು ಅವು ಯಾರಿಗೂ ಬೇಕಾಗುವುದಿಲ್ಲ. "ವಾಲೆಟ್ ಸಿಂಕ್ ಮಾಡಿ" ಎಂದು ಲಿಂಕ್ ಕಳಿಸುವುದೂ ಅದೇ ಮೋಸ.

ಕೊಟ್ಟಾಗಿದ್ದರೆ ಒಂದು ನಿಮಿಷವೂ ಯೋಚಿಸಬೇಡಿ. ಹೊಸ ಪದಗಳ ಹೊಸ ವಾಲೆಟ್ ಮಾಡಿ, ಉಳಿದದ್ದನ್ನು ಅಲ್ಲಿಗೆ ಕಳಿಸಿ. ಹಳೆಯದರ ಪಾಸ್‌ವರ್ಡ್ ಬದಲಿಸಿದರೆ ಏನೂ ಪ್ರಯೋಜನವಿಲ್ಲ. ಆಮೇಲೆ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ. ವ್ಯವಹಾರದ ಹ್ಯಾಶ್ (ಎಕ್ಸ್‌ಪ್ಲೋರರ್‌ನಲ್ಲಿ ಕಾಣುವ ಅದರ ಗುರುತು), ಕಳ್ಳನ ವಾಲೆಟ್ ವಿಳಾಸ, ಚಾಟ್‌ನ ಸ್ಕ್ರೀನ್‌ಶಾಟ್ ಎಲ್ಲವನ್ನೂ ಇಟ್ಟುಕೊಳ್ಳಿ. ಠಾಣೆಗೆ ಹೋಗುವುದಾದರೆ ಕನ್ನಡದಲ್ಲೇ ಬರೆದು ಕೊಡಿ, ಭಾಷಾ ಅಲ್ಪಸಂಖ್ಯಾತರು ನಾವು. ಮಲಯಾಳದ ಒಂದು ಪ್ರತಿ ಜೊತೆಗಿದ್ದರೆ ಕೆಲಸ ಬೇಗ ಆಗುತ್ತದೆ ಎಂಬುದು ಬೇರೆ ಮಾತು.

ಸ್ವಾಪ್‌ಗೂ ತೆರಿಗೆ ಇದೆಯಾ? ರೂಪಾಯಿ ಮಾಡಲೇ ಇಲ್ಲವಲ್ಲ.

ಇದೆ. ಒಂದು ಟೋಕನ್ ಕೊಟ್ಟು ಇನ್ನೊಂದು ತೆಗೆದುಕೊಂಡರೂ ಮಾರಿದ ಲೆಕ್ಕವೇ. 2022ರ ಏಪ್ರಿಲ್ 1ರಿಂದ ಲಾಭಕ್ಕೆ ಶೇಕಡಾ 30 ತೆರಿಗೆ, ಮೇಲೆ ಸೆಸ್. ಅದೇ ವರ್ಷ ಜುಲೈ 1ರಿಂದ ಶೇಕಡಾ 1 ಟಿಡಿಎಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ. ಕೊಂಡ ಬೆಲೆ ಒಂದನ್ನು ಬಿಟ್ಟು ಬೇರೆ ಖರ್ಚೂ ಕಳೆಯುವ ಹಾಗಿಲ್ಲ. ಫೇಲ್ ಆದ ಸ್ವಾಪ್‌ನಲ್ಲಿ ಕೈ ಬದಲಾದದ್ದೇನೂ ಇಲ್ಲ, ಹಾಗಾಗಿ ಅದರಲ್ಲಿ ಲಾಭದ ಪ್ರಶ್ನೆ ಇಲ್ಲ. ಜಾಸ್ತಿ ವ್ಯವಹಾರ ಇರುವವರು ಸಿಎ ಹತ್ತಿರ ಮಾತಾಡಿ. ನಾನು ಮೊಬೈಲ್ ಅಂಗಡಿಯವನು.

ಅಂಗಡಿಗೆ ತಂದರೆ ನೋಡಿ ಕೊಡುತ್ತೀರಾ?

ಖಂಡಿತ ಬನ್ನಿ, ದುಡ್ಡು ಬೇಡ. ಫೋನ್ ನಿಮ್ಮ ಕೈಯಲ್ಲೇ ಇರಲಿ, ನಾನು ಹೇಳಿದಲ್ಲಿ ನೀವೇ ಒತ್ತಿ. ಹನ್ನೆರಡು ಪದ ಬರೆದ ಕಾಗದ ಮನೆಯ ಗೋದ್ರೇಜಿನಲ್ಲೇ ಇರಲಿ, ಅದನ್ನು ನನಗೂ ತೋರಿಸಬೇಡಿ. ಮಳೆಗಾಲದಲ್ಲಾದರೆ ಕರೆಂಟ್ ಇದೆಯಾ ಎಂದು ಕೇಳಿ ಹೊರಡಿ.